ಮೋಟರ್‌ಹೋಮ್ ಮಾರಲು ನಾಲ್ಕು ದಾರಿ: ಯಾರು ಎಷ್ಟು ಕೊಟ್ಟರು, ಯಾಕೆ ಕೊಟ್ಟರು

ಮಕ್ಕಳಿಬ್ಬರೂ ಯೂನಿವರ್ಸಿಟಿ ಸೇರಿದ ಮೇಲೆ, ಆರು ಜನ ಮಲಗುವ ಮೋಟರ್‌ಹೋಮ್ ನಮ್ಮಿಬ್ಬರಿಗೆ ತೀರಾ ದೊಡ್ಡದಾಯಿತು. ಫಿಯಟ್ ಡುಕಾಟೊ ಮೇಲೆ ಕಟ್ಟಿದ ಗಾಡಿ. ಡ್ರೈವರ್ ತಲೆಯ ಮೇಲೆ ಡಬಲ್ ಬೆಡ್, ಹಿಂದೆ ಬಂಕ್. ನಮ್ಮನೆಯವರು ಅಚ್ಚುಕಟ್ಟಿನ ಮನುಷ್ಯ. ಒಂದು ಬಲ್ಬ್ ಬದಲಿಸಿದ ರಸೀದಿಯೂ ಫೈಲಿನಲ್ಲಿದೆ. ಇಲ್ಲಿ ಇಂಗ್ಲೆಂಡಿನ ರೆಡಿಂಗ್ ಕಡೆಯ ಗೆಳೆಯರು ಮೋಟರ್‌ಹೋಮ್ ಮಾರುವ ಮಾತೆತ್ತಿದಾಗಲೆಲ್ಲ "ಎಲ್ಲಿ ಕೊಟ್ಟರೆ ಒಳ್ಳೇದು?" ಅಂತ ಕೇಳುತ್ತಾರೆ. ನಾವು ನಾಲ್ಕೂ ಕಡೆ ವಿಚಾರಿಸಿದ್ದರಿಂದ ಹೇಳುವುದಕ್ಕೆ ಸ್ವಲ್ಪ ಸರಕಿದೆ.

ಮೊದಲು, ಆನ್‌ಲೈನಿನಲ್ಲಿ ನಂಬರ್ ಹಾಕಿದ ತಕ್ಷಣ ಬೆಲೆ ಹೇಳುವ ಕಂಪನಿ. ರಿಜಿಸ್ಟ್ರೇಶನ್ ನಂಬರು, ಓಡಿದ ಮೈಲಿ ಹಾಕಿದೆವು. 24,500 ಪೌಂಡ್ ಅಂತ ಬಂತು. ಮನೆಗೆ ಬಂದ ಹುಡುಗ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿದ (ಮೊದಲ ಎರಡು ಎಷ್ಟನೇ ವಾರ, ಕೊನೆಯ ಎರಡು ಯಾವ ವರ್ಷ), ಟೈರು ಹಳೆಯದು ಅಂದ. ಮಡಿಸುವ ಚಪ್ಪರದ ಬಟ್ಟೆಯಲ್ಲಿ ಕಲೆಯಿದೆ ಅಂದ. ಬೆಲೆ 22,800ಕ್ಕೆ ಇಳಿಯಿತು. ನಾನು ಫೈಲು ಮುಂದಿಟ್ಟೆ. ಅವನು ಅದರ ಮೇಲೆ ತನ್ನ ಟ್ಯಾಬ್ಲೆಟ್ ಒರಗಿಸಿಕೊಂಡು ಫೋಟೋ ಅಪ್‌ಲೋಡ್ ಮಾಡಿದ. ಫೈಲು ತೆರೆಯಲೇ ಇಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ, ಅವನ ಫಾರ್ಮಿನಲ್ಲಿ "ಚೆನ್ನಾಗಿ ನೋಡಿಕೊಂಡಿದ್ದಾರೆ" ಅನ್ನುವುದಕ್ಕೆ ಕಾಲಮ್ಮೇ ಇಲ್ಲ. ಹಣವೇನೋ ಅವತ್ತೇ ಕೈಗೆ ಬರುತ್ತದೆ. ಊರಿಗೆ ವಾಪಸ್ ಹೋಗುವ ಟಿಕೆಟ್ ಬುಕ್ ಆಗಿದೆ, ಗಾಡಿ ನಿಲ್ಲಿಸಲು ಜಾಗವಿಲ್ಲ ಅನ್ನುವವರಿಗೆ ಇದೇ ಸರಿ.

ಎರಡನೆಯದು ಡೀಲರ್ ಹತ್ತಿರ ಎಕ್ಸ್‌ಚೇಂಜ್. ಇಲ್ಲಿ ಗಾಡಿಯನ್ನು ನಿಜವಾಗಿ ನೋಡಿದರು. ಅಲ್ಲಿಯ ಮೆಕ್ಯಾನಿಕ್ ತೇವ ಅಳೆಯುವ ಮೀಟರು ಹಿಡಿದು ಕಿಟಕಿ ಮೂಲೆ, ಛಾವಣಿಯ ಕಿಂಡಿಯ ಸುತ್ತ, ಮುಂದಿನ ಬೆಡ್ಡಿನ ಒಳಗೋಡೆ ಹೀಗೆ ಒಂದೊಂದೇ ಒತ್ತಿ ನೋಡುತ್ತಾ ಹೋದರು. ಮೋಟರ್‌ಹೋಮಿಗೆ ಎಂಜಿನ್ನಿಗಿಂತ ದೊಡ್ಡ ಶತ್ರು ನೀರು. ಒಳಗೆ ಮರದ ಚೌಕಟ್ಟಿದ್ದರೆ ಹೊರಗೆ ಕಾಣದ ಹಾಗೆ ಕೊಳೆಯುತ್ತದೆ. ತೇವ ಶೇ. 15ರೊಳಗೆ ಇದ್ದರೆ ನಿಶ್ಚಿಂತೆ, 20 ದಾಟಿದರೆ ಕಸಿವಿಸಿ. ನಮ್ಮದು 11, 12, 11... ಹಿಂದಿನ ಕಿಟಕಿಯ ಕೆಳಗೆ 17. ಅದು ನಮಗೆ ಗೊತ್ತಿದ್ದದ್ದೇ, ವರ್ಷದ ಹ್ಯಾಬಿಟೇಶನ್ ಸರ್ವಿಸಿನಲ್ಲಿ (ಎಂಜಿನ್ ಅಲ್ಲ, ಮನೆಯ ಭಾಗದ ತಪಾಸಣೆ) ಸಿಕ್ಕಿತ್ತು, ಹೊಸ ಸೀಲಂಟ್ ಹಾಕಿಸಿದ ಬಿಲ್ಲೂ ಇತ್ತು. ಬಿಲ್ ನೋಡಿ ತಲೆಯಾಡಿಸಿದರು.

ಕೊಟ್ಟ ಬೆಲೆ 25,500. ಕೇಳಲು ಇಂಪಾಗಿದೆ. ಆದರೆ ನಾವು ಕೊಳ್ಳಬೇಕೆಂದಿದ್ದ ಚಿಕ್ಕ ಗಾಡಿಯನ್ನು ಎಕ್ಸ್‌ಚೇಂಜ್ ಇಲ್ಲದೆ ಪೂರ್ತಿ ದುಡ್ಡು ಕೊಟ್ಟು ತಗೊಂಡರೆ ಎಷ್ಟು ಅಂತ ಕೇಳಿದಾಗ 2,000 ಇಳಿಸಲು ತಯಾರಿದ್ದರು. ಅಲ್ಲಿಗೆ ನಮ್ಮ ಗಾಡಿಯ ಅಸಲಿ ಬೆಲೆ 23,500. ಎಕ್ಸ್‌ಚೇಂಜಿಗೆ ಹೋದವರು ಹಳೆಯದಕ್ಕೆ ಎಷ್ಟು ಕೊಡುತ್ತಾರೆ ಅಂತ ಕೇಳಲೇಬೇಡಿ, ಮೇಲೆ ಎಷ್ಟು ಕೊಡಬೇಕು ಅಂತ ಮಾತ್ರ ಕೇಳಿ.

ಡೀಲರ್ ಲೂಟಿ ಹೊಡೆಯುತ್ತಾನೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಳೆ ಗಾಡಿಯ ಲಾಭದಲ್ಲಿ ಸಾಮಾನ್ಯವಾಗಿ ಆರನೇ ಒಂದು ಪಾಲು ವ್ಯಾಟ್‌ಗೆ ಹೋಗುತ್ತದೆ. ಮೇಲಾಗಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಮೊದಲಿಂದಲೇ ದೋಷವಿತ್ತು ಅಂತ 30 ದಿನದೊಳಗೆ ಗೊತ್ತಾದರೆ ಕೊಂಡವರು ಗಾಡಿ ವಾಪಸ್ ಕೊಟ್ಟು ಹಣ ಕೇಳಬಹುದು. ಆ ತಲೆನೋವಿಗೂ ಅವರು ಬೆಲೆ ಕಟ್ಟುತ್ತಾರೆ.

ಮೂರನೆಯದು, ಡೀಲರ್ ಕೈಲಿ ಕಮಿಷನ್ ಮೇಲೆ ಮಾರಿಸುವುದು. ಗಾಡಿ ಅವರ ಅಂಗಳದಲ್ಲಿ ನಿಲ್ಲುತ್ತದೆ, ಮಾಲೀಕರು ನಾವೇ. ಮಾರಾಟವಾದ ಮೇಲೆ ಅವರು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ನಮಗೆ 26,500 ಸಿಗುತ್ತಿತ್ತು. ಒಪ್ಪುವ ಮುನ್ನ ಕರಾರು ಓದಿದೆವು. ಹಣ ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವ ಸಾಲೇ ಇರಲಿಲ್ಲ, ನಿಂತಷ್ಟು ದಿನ ಇನ್ಶೂರೆನ್ಸ್ ಯಾರದು ಅನ್ನುವುದೂ ಇಲ್ಲ. ಅಂಗಡಿ ದಿವಾಳಿಯಾದರೆ ನಮ್ಮದೇ ಗಾಡಿಗೆ ನಾವು ಓಡಾಡಬೇಕು. ಇಷ್ಟನ್ನೂ ಬರೆದುಕೊಡುವ ಕಡೆಯಾದರೆ, ಕೆಲಸದ ಮಧ್ಯೆ ಫೋನೆತ್ತಲು ಆಗದವರಿಗೆ ನಾನು ಇದನ್ನೇ ಹೇಳುತ್ತೇನೆ.

ನಾವು ಕೊನೆಗೆ ಮಾರಿದ್ದು ನೇರವಾಗಿ, ಇನ್ನೊಂದು ಸಂಸಾರಕ್ಕೆ. 27,950 ಹೇಳಿ 27,250ಕ್ಕೆ ಕೊಟ್ಟೆವು.

ಕಷ್ಟವೇನೂ ಕಮ್ಮಿ ಇರಲಿಲ್ಲ. "ಕೊನೆ ಬೆಲೆ ಎಷ್ಟು?" ಅಂತ ಒಂದೇ ಸಾಲಿನ ಮೆಸೇಜುಗಳು. ನೋಡದೆಯೇ ಪೂರ್ತಿ ಹಣ ಕೊಡುತ್ತೇನೆ, ಏಜೆಂಟ್ ಬಂದು ಗಾಡಿ ಒಯ್ಯುತ್ತಾನೆ ಅನ್ನುವ ಮೋಸಗಾರರು. ಟೆಸ್ಟ್ ಡ್ರೈವಿಗೆ ಇನ್ಶೂರೆನ್ಸ್ ತೋರಿಸಿ ಅಂದರೆ ಮುಖ ಸಿಂಡರಿಸಿದವರು. ಜಾಹೀರಾತು ಬರೆಯುವಾಗ ಮೂರು ವಿಷಯ ಮೇಲೆ ಹಾಕಿದ್ದು ಕೆಲಸಕ್ಕೆ ಬಂತು. ಒಂದು, ಗರಿಷ್ಠ ತೂಕ 3,500 ಕಿಲೋ: 1997ರ ಜನವರಿಯಿಂದ ಈಚೆಗೆ ಕಾರ್ ಟೆಸ್ಟ್ ಪಾಸಾದವರು ಆ ಲೈಸೆನ್ಸಿನಲ್ಲಿ ಅದಕ್ಕಿಂತ ಭಾರದ ಡೀಸೆಲ್ ಮೋಟರ್‌ಹೋಮ್ ಓಡಿಸುವಂತಿಲ್ಲ, ಚಿಕ್ಕ ಮಕ್ಕಳಿರುವ ಅಪ್ಪಅಮ್ಮಂದಿರೆಲ್ಲ ಅದೇ ವಯಸ್ಸಿನವರು. ಎರಡು, ಯೂರೊ 6 ಡೀಸೆಲ್ (ಹೊಗೆಯ ಮಾಲಿನ್ಯಕ್ಕೆ ಹಾಕಿದ ಮಾನದಂಡ): 2023ರ ಆಗಸ್ಟಿನಿಂದ ಲಂಡನ್ನಿನ ಎಲ್ಲ ಬರೋಗಳಲ್ಲೂ, ಅಂದರೆ ಆಡಳಿತ ವಿಭಾಗಗಳಲ್ಲೂ, ಅದಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ದಿನದ ಶುಲ್ಕವಿದೆ. ಮೂರು, ಎಷ್ಟು ಸೀಟಿಗೆ ಬೆಲ್ಟ್ ಇದೆ. ಆರು ಜನ ಮಲಗಬಹುದು ಅಂದರೆ ಆರು ಜನ ಕೂತು ಹೋಗಬಹುದು ಅಂತಲ್ಲ.

ಇನ್ನೊಂದು, ನಮ್ಮವರಿಗೆ ಮಾತ್ರ ಹೇಳುವ ಮಾತು. ಲೇಕ್ ಡಿಸ್ಟ್ರಿಕ್ಟಿನ ಮಳೆಯಲ್ಲಿ ಕಿಟಕಿ ಮುಚ್ಚಿಕೊಂಡು ಹಾಕಿದ ಇಂಗಿನ ಒಗ್ಗರಣೆ ಪರದೆಗೂ ಸೀಟಿನ ಬಟ್ಟೆಗೂ ಹಿಡಿದಿರುತ್ತದೆ. ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಎಲ್ಲ ಬಿಚ್ಚಿ ತೊಳೆದು, ಒಲೆಯ ಮೇಲಿನ ಫ್ಯಾನಿನ ಜಿಡ್ಡು ತೆಗೆದು, ಆಮೇಲೆ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಯನ್ನು ಕರೆದು ಮೂಸಿಸಿದೆವು.

ಕೊಂಡ ಸಂಸಾರ ಬಂದಾಗ ಗಂಡ ಚಾಪೆ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿದರು. ಹೆಂಡತಿ ನಮ್ಮ ಅಡುಗೆಮನೆಯಲ್ಲಿ ಕೂತು ಫೈಲನ್ನು ಮೊದಲ ಹಾಳೆಯಿಂದ ಓದಿದರು. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲಿಗೆ ಬೆರಳಿಟ್ಟು, ಅದರ ಮೈಲಿಯನ್ನು ಫೋನಿನಲ್ಲಿ ಎಂಓಟಿ (ಗಾಡಿಯ ಕಡ್ಡಾಯ ವಾರ್ಷಿಕ ತಪಾಸಣೆ) ಇತಿಹಾಸದ ಜೊತೆ ತಾಳೆ ನೋಡಿದರು. ಆ 17ರ ಬಗ್ಗೆ ಕೇಳಿದರು. ನಾವು ಜಾಹೀರಾತಿನಲ್ಲೇ ಅದನ್ನು ಬರೆದಿದ್ದೆವು. ಖಾಸಗಿಯಾಗಿ ಮಾರುವವರು ವಾರಂಟಿ ಕೊಡಬೇಕಿಲ್ಲ, ಆದರೆ ಹೇಳಿದ್ದು ನಿಜವಾಗಿರಲೇಬೇಕು. ಆ ಫೈಲಿಗೆ ದುಡ್ಡು ಕೊಡುವವರು ಇವರೊಬ್ಬರೇ, ಯಾಕೆಂದರೆ ಮುಂದೆ ಮಕ್ಕಳನ್ನು ಮಲಗಿಸುವವರು ಇವರೇ. ಗಾಡಿ ಅಷ್ಟಕ್ಕಷ್ಟೇ ಇದ್ದಿದ್ದರೆ ನಾನೇ ಆ ಟ್ಯಾಬ್ಲೆಟ್ ಹುಡುಗನಿಗೆ ಫೋನ್ ಮಾಡುತ್ತಿದ್ದೆ.

ಹಣ ಕಳಿಸುವಾಗ ಮೊದಲು ಒಂದು ಪೌಂಡ್ ಹಾಕಿಸಿ, ಬಂತು ಅಂತ ಖಾತ್ರಿಯಾದ ಮೇಲೆ ಉಳಿದದ್ದು. ಅವರ ಬ್ಯಾಂಕು ದೊಡ್ಡ ಮೊತ್ತ ಅಂತ ತಡೆಹಿಡಿದು ಫೋನ್ ಮಾಡಿತು, ಅಷ್ಟರಲ್ಲಿ ಎಲ್ಲರಿಗೂ ಎರಡನೇ ಸುತ್ತಿನ ಟೀ ಆಯಿತು. ನಮ್ಮ ಆ್ಯಪಿನಲ್ಲಿ ಹಣ ಕಂಡ ಮೇಲೇ ಕೀ ಕೊಟ್ಟೆವು, ಲಾಗ್‌ಬುಕ್ಕಿನ (ನಮ್ಮೂರಿನ ಆರ್‌ಸಿಯಂಥದ್ದು) ಹೊಸ ಮಾಲೀಕರ ಹಸಿರು ಚೀಟಿ ಹರಿದು ಕೊಟ್ಟೆವು. ಇಲ್ಲಿಯ ಆರ್‌ಟಿಓ ಥರದ ಡಿವಿಎಲ್‌ಎಗೆ ಅಲ್ಲೇ ಕೂತು ಆನ್‌ಲೈನಿನಲ್ಲಿ ತಿಳಿಸಿದೆವು. ಇಲ್ಲಿಯ ರೋಡ್ ಟ್ಯಾಕ್ಸ್ ನಮ್ಮೂರಿನ ಲೈಫ್‌ಟೈಮ್ ಟ್ಯಾಕ್ಸಿನಂತೆ ಗಾಡಿಯ ಜೊತೆ ಹೋಗುವುದಿಲ್ಲ. ಕೊಂಡವರು ಹೊಸದಾಗಿ ಕಟ್ಟಿಯೇ ರಸ್ತೆಗಿಳಿಯಬೇಕು, ನಮಗೆ ಉಳಿದ ಪೂರ್ತಿ ತಿಂಗಳುಗಳ ಹಣ ಮಾತ್ರ ವಾಪಸ್ ಬರುತ್ತದೆ. ಹಾಗಾಗಿ ಒಂದನೇ ತಾರೀಖಿಗೆ ಬರುತ್ತೇವೆ ಅನ್ನುವವರನ್ನು ಸಾಧ್ಯವಾದರೆ ಹಿಂದಿನ ದಿನವೇ ಕರೆಸಿಕೊಳ್ಳಿ.