ಏಣಿ ಇಳಿಯದ ಹಾಗೆ: ಎಲೆಕ್ಟ್ರಿಷಿಯನ್ ಗೆಳೆಯನಿಗಾಗಿ ಹೊಂದಿಸಿದ ಲೆದರ್‌ಮನ್ ಸರ್ಜ್

ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುವ ಗೆಳೆಯನೊಬ್ಬನಿಗೆ ಜೇಬಿನಲ್ಲೋ ಸೊಂಟದಲ್ಲೋ ಇಟ್ಟುಕೊಳ್ಳಬಹುದಾದ ಒಂದು ಮಲ್ಟಿಟೂಲ್, ಎಂದರೆ ಇಕ್ಕಳ (ಪ್ಲೇಯರ್), ಚಾಕು, ಗರಗಸಗಳೆಲ್ಲ ಒಂದರಲ್ಲೇ ಮಡಚಿಕೊಳ್ಳುವ ಸಲಕರಣೆ, ಕೊಡಿಸಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಅಂಗಡಿಗೆ ಹೋಗುವ ಮೊದಲು ಒಂದು ದಿನವಿಡೀ ಅವನು ಕೆಲಸ ಮಾಡುತ್ತಿದ್ದ ಹೊಸ ಮನೆಯಲ್ಲಿ ಸಿಮೆಂಟ್ ಚೀಲದ ಮೇಲೆ ಕುಳಿತು, ಅವನು ಯಾವುದಕ್ಕಾಗಿ ಏಣಿ ಇಳಿದು ಬರುತ್ತಾನೆ ಎಂಬುದನ್ನು ಬರೆದಿಟ್ಟುಕೊಂಡೆ. ಹನ್ನೊಂದು ಸಲ ಇಳಿದ. ನಾಲ್ಕು ಸಲ ವೈರು ಹಾಯಿಸುವ 20 ಮಿಲಿಮೀಟರ್ ಕಾಂಡ್ಯೂಟ್ ಪೈಪಿನ ತುದಿ ಕತ್ತರಿಸುವ ಗರಗಸಕ್ಕೆ, ಮೂರು ಸಲ ಚಾಕುವಿಗೆ, ಎರಡು ಸಲ ಪೈಪಿನ ಬಾಯೊಳಗೆ ಜಾರಿ ಹೋದ ವೈರನ್ನು ಕೊಕ್ಕೆ ಹಾಕಿ ಎಳೆಯಲು ಏನಾದರೂ ತಂತಿಯ ಚೂರು ಹುಡುಕಲು, ಒಂದು ಸಲ ಅರಕ್ಕೆ, ಹನ್ನೊಂದನೆಯದು ಚಹಾಕ್ಕೆ.

ಆ ಪಟ್ಟಿಯಲ್ಲಿ ಪ್ಲೇಯರ್ ಇರಲಿಲ್ಲ, ಸ್ಕ್ರೂಡ್ರೈವರ್ ಇರಲಿಲ್ಲ, ಟೆಸ್ಟರ್ ಕೂಡ ಇರಲಿಲ್ಲ. ಟೆಸ್ಟರ್ ಅಂಗಿಯ ಜೇಬಿನಲ್ಲಿ, ಪ್ಲೇಯರ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಹುಟ್ಟಿನಿಂದಲೇ ಬಂದವೇನೋ ಎಂಬಂತೆ ಅವನ ಮೈಮೇಲೇ ಇರುತ್ತವೆ. ಮಲ್ಟಿಟೂಲ್ ಕಂಪನಿಗಳು ಮೊದಲು ಹೊಗಳಿಕೊಳ್ಳುವುದೇ ಪ್ಲೇಯರನ್ನು. ಅದಕ್ಕೆ ಕಾರಣವೂ ಇದೆ: ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯೂರೋಪ್ ಸುತ್ತುವಾಗ ಕೆಟ್ಟ ಕಾರನ್ನೂ ಸೋರುವ ನಲ್ಲಿಗಳನ್ನೂ ರಿಪೇರಿ ಮಾಡಲು ತನ್ನ ಜೇಬುಚಾಕುವಿನಲ್ಲಿ ಇಕ್ಕಳವಿಲ್ಲವಲ್ಲ ಎಂದು ಪರದಾಡಿದ್ದರಿಂದಲೇ ಈ ಬಗೆಯ ಸಲಕರಣೆಯ ಯೋಚನೆ ಹುಟ್ಟಿತು, 1983ರಲ್ಲಿ ಮೊದಲ ಮಾದರಿ ಮಾರುಕಟ್ಟೆಗೆ ಬಂತು. ಅದು ಪ್ರವಾಸಿಯ ಕೊರತೆ. ನನ್ನ ಗೆಳೆಯನ ಕೊರತೆ ಗರಗಸದ್ದು ಮತ್ತು ಕೊಕ್ಕೆಯದು.

ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನವರ ಜೇಬುಚಾಕುಗಳನ್ನು ನೋಡಿದೆ. ಹಗುರ, ಅಂದ, ಅಲಗಿನ ಹದವೂ ಚೆನ್ನ. ಆದರೆ ರಿವೆಟ್ ಹೊಡೆದು ಮುಚ್ಚಿದ ಆ ಚಾಕುವಿನಲ್ಲಿ ಕಂಪನಿ ಕೊಟ್ಟಷ್ಟೇ ನಮಗೆ ದಕ್ಕುವುದು. ಲೆದರ್‌ಮನ್ ವೇವ್ ಪ್ಲಸ್ 241 ಗ್ರಾಂ ತೂಗುತ್ತದೆ, ಹೆಚ್ಚಿನವರಿಗೆ ನಾನು ಹೇಳುವುದೂ ಅದನ್ನೇ; ಆದರೆ ಅದರ ಗರಗಸ ಮತ್ತು ಅರ ಎರಡೂ ಅಲ್ಲೇ ಕೂತಂಥವು. ಕೊನೆಗೆ ಲೆದರ್‌ಮನ್‌ನದೇ ಸರ್ಜ್ ಮಾದರಿಯನ್ನು ಆರಿಸಿಕೊಂಡದ್ದು ಅದರ ಒಂದೇ ಒಂದು ಗುಣಕ್ಕಾಗಿ. ಇದರಲ್ಲಿ ಗರಗಸ ಮತ್ತು ಅರಕ್ಕೆ ಸೇರಿ ಒಂದೇ ಜಾಗ ಇದೆ. ಬುಡದಲ್ಲಿರುವ ಪುಟ್ಟ ಚಿಲಕವನ್ನು ಉಗುರಿನಿಂದ ಎತ್ತಿ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು, ಮತ್ತು ಆ ಜಾಗದ ಆಕಾರವು ಬಡಗಿಗಳು ಬಳಸುವ ಜಿಗ್‌ಸಾ ಯಂತ್ರದ ಟಿ-ಶ್ಯಾಂಕ್ (ಟಿ ಆಕಾರದ ಬುಡವುಳ್ಳ) ಬ್ಲೇಡಿಗೆ ಸರಿಯಾಗಿ ಒಪ್ಪುತ್ತದೆ. ಎಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಯಾವುದೇ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಸಿಗುವ ಬ್ಲೇಡು ಇದಕ್ಕೆ ಆಗುತ್ತದೆ. ಅಮೆರಿಕದಿಂದ ಬಿಡಿಭಾಗ ತರಿಸುವ ಕಷ್ಟವಿಲ್ಲ.

ನಾನು ಲೋಹ ಕತ್ತರಿಸುವ ಟಿ118ಎ ಬ್ಲೇಡು ಒಂದನ್ನೂ ಮರಕ್ಕೆಂದು ಟಿ101ಬಿ ಒಂದನ್ನೂ ಕೊಂಡೆ. ಒಂದರ ತುದಿ ಹಿಡಿಯೊಳಗೆ ಮಡಚಿಕೊಳ್ಳದೆ ತುಸು ತಾಕುತ್ತಿದ್ದುದರಿಂದ ಅದನ್ನು ಸಾಣೆಗೆ ಹಿಡಿದು ಮೊಟಕುಗೊಳಿಸಬೇಕಾಯಿತು. ಪಿವಿಸಿ ಪೈಪನ್ನು ಟಿ101ಬಿ ಬೆಣ್ಣೆಯಂತೆ ಕತ್ತರಿಸುತ್ತದೆ, ಸಿಬಿರು ಕೂಡ ಕಡಿಮೆ. ಆದರೆ ಇಲ್ಲೊಂದು ಮಾತು: ಸಾಮಾನ್ಯ ಜಿಗ್‌ಸಾ ಬ್ಲೇಡಿನ ಹಲ್ಲುಗಳು ಬುಡದ ಕಡೆಗೆ ಮುಖ ಮಾಡಿರುತ್ತವೆ, ಏಕೆಂದರೆ ಯಂತ್ರದಲ್ಲಿ ಅದು ಮೇಲಕ್ಕೆಳೆಯುವಾಗ ಕತ್ತರಿಸಬೇಕು. ನಮ್ಮ ಹ್ಯಾಕ್ಸಾ ಮುಂದಕ್ಕೆ ತಳ್ಳುವಾಗ ಕತ್ತರಿಸುತ್ತದೆ. ಇಪ್ಪತ್ತು ವರ್ಷ ತಳ್ಳಿ ಪಳಗಿದ ಕೈ ಮೊದಲ ದಿನ ಇದನ್ನೂ ತಳ್ಳಿತು. ಬ್ಲೇಡು ಬಿಲ್ಲಿನಂತೆ ಬಾಗಿತು, ಪೈಪು ಕತ್ತರಿಸಲಿಲ್ಲ, ನಾನು ಮಾತ್ರ ಎರಡು ಮಾತು ಕೇಳಬೇಕಾಯಿತು. ಎಳೆದು ಕತ್ತರಿಸುವುದು ರೂಢಿಯಾಗಲು ಅವನಿಗೆ ಒಂದು ವಾರ ಹಿಡಿಯಿತು.

ಕೊಕ್ಕೆಯ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಸಿಕ್ಕಿತು. ಬಡಗಿಯೊಬ್ಬರು ಬಿಸಾಡಲು ಇಟ್ಟಿದ್ದ, ಹಲ್ಲು ಸವೆದ ಜಿಗ್‌ಸಾ ಬ್ಲೇಡನ್ನು ಕೇಳಿ ತಂದೆ. ಹಲ್ಲು ಹೋದರೂ ಟಿ ಆಕಾರದ ಬುಡ ಹಾಗೆಯೇ ಉಳಿದಿರುತ್ತದೆ, ನಮಗೆ ಬೇಕಾದದ್ದೂ ಅದೇ. ಉಳಿದ ಹಲ್ಲುಗಳನ್ನು ತೇಯ್ದು ನುಣುಪು ಮಾಡಿ, ತುದಿಯ ಹತ್ತಿರ ಹಿಂದಕ್ಕೆ ಬಾಗಿದ ಒಂದು ಕಚ್ಚು ಕೊರೆದು, ಬುಡದ ಸಮೀಪ 1.5 ಮತ್ತು 2.5 ಚದರ ಮಿಲಿಮೀಟರ್ ವೈರಿನ ತಾಮ್ರಕ್ಕೆ ತಕ್ಕಂತೆ ಎರಡು ಗುಂಡನೆಯ ಕಚ್ಚು ಮಾಡುವುದು ನನ್ನ ಲೆಕ್ಕಾಚಾರ. ಮೊದಲ ಬ್ಲೇಡು ಹಾಳಾಯಿತು. ಗ್ರೈಂಡಿಂಗ್ ಕಲ್ಲಿಗೆ ಒತ್ತಿ ಹಿಡಿದು ಅವಸರ ಮಾಡಿದ್ದರಿಂದ ತುದಿ ನೀಲಿ ಬಣ್ಣಕ್ಕೆ ತಿರುಗಿತು, ಹದ ಇಳಿದು ಹೋಯಿತು, ಮೊದಲ ಎಳೆತಕ್ಕೇ ಕೊಕ್ಕೆ ಹಿಗ್ಗಿ ನೆಟ್ಟಗಾಯಿತು. ಎರಡನೆಯದನ್ನು ಪಕ್ಕದಲ್ಲಿ ನೀರಿನ ಬಟ್ಟಲಿಟ್ಟುಕೊಂಡು, ಬೆರಳಿಗೆ ಬಿಸಿ ತಾಕುವ ಮುನ್ನವೇ ಅದ್ದುತ್ತಾ ಅದ್ದುತ್ತಾ ತೇಯ್ದೆ. ವೈರಿನ ಕಚ್ಚುಗಳಿಗೆ ಮಾತ್ರ ಕಲ್ಲನ್ನು ನಂಬದೆ, ವಜ್ರದ ಪುಡಿ ಅಂಟಿಸಿದ ಸೂಜಿ ಅರದಿಂದ ಎರಡು ಸಂಜೆ ಉಜ್ಜಿದೆ. ಈಗ ವೈರನ್ನು ಆ ಕಚ್ಚಿನಲ್ಲಿಟ್ಟು ಒಂದು ಸುತ್ತು ತಿರುಗಿಸಿ ಎಳೆದರೆ ಮೇಲಿನ ಪ್ಲಾಸ್ಟಿಕ್ ಕೊಳವೆಯಂತೆ ಕಳಚಿ ಬರುತ್ತದೆ, ಒಳಗಿನ ಎಳೆಗಳಲ್ಲಿ ಒಂದೂ ಕಡಿಯುವುದಿಲ್ಲ. ಸರ್ಜ್‌ನಲ್ಲಿ ಕಂಪನಿಯೇ ಕೊಟ್ಟಿರುವ ವೈರ್ ಬಿಡಿಸುವ ಕಚ್ಚು ಈ ಕೆಲಸಕ್ಕೆ ಒರಟು. ಅದಿದ್ದೂ ನನ್ನ ಗೆಳೆಯ ಇತ್ತೀಚಿನವರೆಗೆ ನಂಬಿದ್ದು ತನ್ನ ಹಲ್ಲನ್ನೇ.

ಈ ಎಲ್ಲ ಬದಲಾವಣೆಗೆ ಸಲಕರಣೆಯ ಒಂದು ಸ್ಕ್ರೂವನ್ನೂ ಬಿಚ್ಚಬೇಕಾಗಲಿಲ್ಲ. ಕಂಪನಿ ಕೊಡುವ 25 ವರ್ಷದ ವಾರಂಟಿ ಮೂಲ ಭಾಗಗಳನ್ನು ಮಾರ್ಪಡಿಸಿದರೆ ಉಳಿಯುವುದಿಲ್ಲವಾದ್ದರಿಂದ, ಹೊರಗಿನ ಬ್ಲೇಡನ್ನಷ್ಟೇ ಮುಟ್ಟಿದ್ದು ಕೈಗೂ ಮನಸ್ಸಿಗೂ ನೆಮ್ಮದಿ.

ಇನ್ನು ಪ್ಲೇಯರಿನ ವಿಷಯ. ಅದರ ಕತ್ತರಿಸುವ ಅಂಚುಗಳನ್ನು ಬಿಚ್ಚಿ ಬದಲಿಸಬಹುದು ಎಂಬುದು ಒಳ್ಳೆಯ ಅಂಶ. ಯಾವ ಎಲೆಕ್ಟ್ರಿಷಿಯನ್ನಿನ ಹಳೆಯ ಕಟಿಂಗ್ ಪ್ಲೇಯರನ್ನು ಬೇಕಾದರೂ ತೆಗೆದು ನೋಡಿ, ಕರೆಂಟ್ ಇದ್ದ ವೈರನ್ನು ಮರೆತು ಕತ್ತರಿಸಿದ ನೆನಪಿಗೆ ಅಂಚಿನಲ್ಲೊಂದು ಸುಟ್ಟ ಗುಳಿ ಇದ್ದೇ ಇರುತ್ತದೆ. ಆದರೆ ಸರ್ಜ್‌ನಿಂದ ಆ ಗುಳಿ ಬೀಳುವಂತಹ ಕೆಲಸವನ್ನು ಯಾರೂ ಮಾಡಬಾರದು. ಇದರ ಹಿಡಿ ಪೂರ್ತಿ ಬರಿಯ ಉಕ್ಕು. 1000 ವೋಲ್ಟ್ ಎಂಬ ಗುರುತು ಹೊತ್ತ ಇನ್ಸುಲೇಟೆಡ್ ಪ್ಲೇಯರಿಗೂ ಇದಕ್ಕೂ ಸಂಬಂಧವೇ ಇಲ್ಲ, ನಮ್ಮ ಮನೆಗಳ 230 ವೋಲ್ಟಿಗೆ ಈ ಹಿಡಿ ಒಂದು ಬಾಗಿಲು ಇದ್ದ ಹಾಗೆ. ಪೈಪಿನೊಳಗೆ ಕೊಕ್ಕೆ ಇಳಿಸುವ ಮುನ್ನವೂ ಮೇನ್ ಆಫ್ ಮಾಡಿ ಟೆಸ್ಟರ್ ಹಚ್ಚಿ ನೋಡಲೇಬೇಕು. ಉಡುಗೊರೆ ಕೊಡುವಾಗ ಈ ಮಾತನ್ನು ಹೇಳಿದೆ. ಇಪ್ಪತ್ತು ವರ್ಷದ ಅನುಭವಿಗೆ ಪಾಠ ಹೇಳಿದ್ದಕ್ಕೆ ಅವನು ನಕ್ಕ, ಆದರೂ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಸ್ಕ್ರೂಡ್ರೈವರಿನ ಭಾಗ ನನಗೆ ಹಿಡಿಸಲಿಲ್ಲ. ಅದಕ್ಕೆ ಕಂಪನಿಯ ಚಪ್ಪಟೆ ಬಿಟ್‌ಗಳೇ ಬೇಕು. ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಆರು ಮೂಲೆಯ ಬಿಟ್ ಹಾಕಬೇಕೆಂದರೆ ಮಧ್ಯೆ ಇನ್ನೊಂದು ಕೊಂಡಿ ಕೊಳ್ಳಬೇಕು, ಅದನ್ನು ಜೋಡಿಸುವಷ್ಟರಲ್ಲಿ ಸ್ವಿಚ್ ಪ್ಲೇಟು ಬಿಚ್ಚಿ ಮುಗಿದಿರುತ್ತದೆ. ಗೆಳೆಯ ಅದನ್ನು ಇದುವರೆಗೆ ಬಳಸಿಲ್ಲ.

ತೂಕ 354 ಗ್ರಾಂ. ಜೇಬಿನ ಸಲಕರಣೆ ಎಂದು ಕರೆಯಲು ಸಂಕೋಚವಾಗುವಷ್ಟು ಭಾರ. ಅಂಗಿಯ ಜೇಬಿಗೆ ಹಾಕಿದರೆ ಅಂಗಿಯೇ ಒಂದು ಕಡೆಗೆ ವಾಲುತ್ತದೆ. ಜೊತೆಗೆ ಬಂದ ಚೀಲದಲ್ಲಿ ನಾಲ್ಕು ಬ್ಲೇಡಿಗೂ ಟೆಸ್ಟರಿಗೂ ಜಾಗ ಸಾಲದೆ, ದೇವರಾಜ ಮಾರುಕಟ್ಟೆಯ ಸಮೀಪ ಬೆಲ್ಟ್ ಹೊಲಿಯುವವರೊಬ್ಬರಿಂದ ದಪ್ಪ ಚರ್ಮದ ಪೌಚ್ ಮಾಡಿಸಿದೆ. ಅಳತೆಗೆ ಸಲಕರಣೆಯನ್ನೇ ಒಂದು ದಿನ ಇಟ್ಟುಕೊಂಡು, ಬ್ಲೇಡುಗಳಿಗೆ ಒಳಗಡೆ ಒಂದು ತೆಳು ಪದರ, ಟೆಸ್ಟರಿಗೆ ಹೊರಗಡೆ ಒಂದು ಕೊಳವೆ ಹೊಲಿದು ಕೊಟ್ಟರು. ಇಡೀ ಖರ್ಚಿನಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ಬಂದದ್ದು ಇದೊಂದಕ್ಕೇ ಎಂದರೂ ತಪ್ಪಿಲ್ಲ.

ಸಲಕರಣೆಯೇ ಕೈಗೆ ಬರುವಷ್ಟರಲ್ಲಿ ಹದಿನೈದು ಸಾವಿರ ರೂಪಾಯಿ ದಾಟಿತ್ತು. ವಾರಕ್ಕೊಮ್ಮೆ ಬಲ್ಬ್ ಬದಲಿಸುವವರಿಗೆ ಇದು ದಂಡ. ವಿಮಾನದ ಕ್ಯಾಬಿನ್ ಚೀಲದಲ್ಲಿ ಒಯ್ಯುವಂತಿಲ್ಲ, ಬೆಂಗಳೂರಿನ ಮೆಟ್ರೊ ಹತ್ತುವವರೂ ಮನೆಯಲ್ಲಿ ಬಿಟ್ಟು ಹೊರಡುವುದು ಲೇಸು. ಒಂದು ಕಸುಬಿಗೆಂದೇ ಹೊಂದಿಸಿ ಕೊಡಬೇಕು, ಸಾಣೆಯ ಮುಂದೆ ಎರಡು ಮೂರು ಸಂಜೆ ಕೂರುವ ತಾಳ್ಮೆ ಇದೆ ಎನ್ನುವವರಿಗೆ ಮಾತ್ರ ಸರ್ಜ್ ಕೊಳ್ಳಿ ಎನ್ನುತ್ತೇನೆ.

ನಾಲ್ಕು ತಿಂಗಳ ಮೇಲೆ ಮತ್ತೊಂದು ಮನೆಯಲ್ಲಿ ಅರ್ಧ ದಿನ ಅವನ ಜೊತೆ ಕುಳಿತೆ. ಏಣಿಯಿಂದ ಎರಡು ಸಲ ಇಳಿದ, ಒಂದು ಸಲ ಚಹಾಕ್ಕೆ. ಪೌಚಿನಲ್ಲಿ ನಾನು ಮಾಡದ ಐದನೆಯ ಬ್ಲೇಡೊಂದು ಇತ್ತು: ಸ್ವಿಚ್ ಬಾಕ್ಸಿನ ಮೂಲೆಯಲ್ಲಿ ಒಣಗಿದ ಗಾರೆ ಕೆರೆಯಲು ಅವನೇ ಉಳಿಯಂತೆ ತೇಯ್ದುಕೊಂಡದ್ದು. ಅದರ ತುದಿ ಎಲ್ಲಿಯೂ ನೀಲಿಯಾಗಿರಲಿಲ್ಲ.