ಜೆಟ್‌ಡೈರೆಕ್ಟ್ 300ಎಕ್ಸ್: ಲಿನಕ್ಸ್ ಸರ್ವರ್, ಡಾಟ್ ಮ್ಯಾಟ್ರಿಕ್ಸ್ ಮತ್ತು ನಡುವಿನ ಡಬ್ಬಿ

ತಿಪಟೂರಿನ ಕೊಬ್ಬರಿ ಮಂಡಿಯಾಗಲಿ, ತುಮಕೂರು ಬಟವಾಡಿಯ ಎಪಿಎಂಸಿ ಯಾರ್ಡ್ ಆಗಲಿ, ಒಂದೇ ಏಟಿಗೆ ಮೂರು ಪ್ರತಿ ಬಿಲ್ಲು ಬೇಕಾದ ತನಕ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮೂಲೆ ಸೇರುವುದಿಲ್ಲ. ಪ್ಯಾರಲಲ್ ಪೋರ್ಟ್ ಮಾತ್ರ ಇರುವ ಹಳೆಯ ಟಿವಿಎಸ್, ಎಪ್ಸನ್ ಯಂತ್ರವನ್ನು ಲಿನಕ್ಸ್ ಅಥವಾ ಫ್ರೀಬಿಎಸ್‌ಡಿ ಸರ್ವರ್‌ಗೆ ನೆಟ್‌ವರ್ಕ್ ಮೂಲಕ ಸೇರಿಸಲು ಎಚ್‌ಪಿಯ ಜೆಟ್‌ಡೈರೆಕ್ಟ್ 300ಎಕ್ಸ್ ಈಗಲೂ ನಂಬಬಹುದಾದ ಡಬ್ಬಿ. ತಯಾರಿಕೆ ನಿಂತು ಬಹಳ ಕಾಲವಾಯಿತು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಅಡಾಪ್ಟರ್ ಜೊತೆಗಿದ್ದರೆ ಮಾತ್ರ ಕೊಳ್ಳಿ. ಅಂಗಡಿಯಲ್ಲೇ ಪ್ರಿಂಟರ್‌ಗೆ ಚುಚ್ಚಿ ಡಬ್ಬಿಯ ಟೆಸ್ಟ್ ಬಟನ್ ಒತ್ತಿಸಿ. ಐಪಿ ವಿಳಾಸ, ಫರ್ಮ್‌ವೇರ್ (ಡಬ್ಬಿಯೊಳಗಿನ ತಂತ್ರಾಂಶ) ಆವೃತ್ತಿ ಇರುವ ಹಾಳೆ ಹೊರಬಂದರೆ ಡಬ್ಬಿ, ಕೇಬಲ್ಲು, ಪ್ರಿಂಟರ್ ಮೂರೂ ಸರಿ ಇವೆ ಎಂದರ್ಥ.

ಹಿಂದಿನವರ ಸೆಟ್ಟಿಂಗ್ ಅಳಿಸಲು ಟೆಸ್ಟ್ ಬಟನ್ ಒತ್ತಿ ಹಿಡಿದೇ ಪವರ್ ಕೊಡಬೇಕು. ಆಮೇಲೆ ಡಬ್ಬಿ ಡಿಎಚ್‌ಸಿಪಿಯಿಂದ, ಅಂದರೆ ರೂಟರ್ ತಾನಾಗಿ ಹಂಚುವ ವಿಳಾಸಗಳಿಂದ, ಒಂದು ವಿಳಾಸ ಪಡೆಯುತ್ತದೆ. ಸಿಗದಿದ್ದರೆ ಹಳೆಯ ಫರ್ಮ್‌ವೇರ್ 192.0.0.192 ಹಿಡಿದು ಕೂರುತ್ತದೆ. ಆಗ ನಿಮ್ಮ ಕಂಪ್ಯೂಟರ್‌ಗೂ ಅದೇ ಸಾಲಿನ ವಿಳಾಸ ತಾತ್ಕಾಲಿಕವಾಗಿ ಕೊಟ್ಟು, ದೂರದಿಂದ ಆಜ್ಞೆ ಕೊಡುವ ಟೆಲ್ನೆಟ್‌ನಲ್ಲಿ ಒಳಹೊಕ್ಕಬೇಕು. 192.168.1.50ರಂಥ ಸ್ಥಿರ ವಿಳಾಸ ಹಾಕಿ 'ಕ್ವಿಟ್' ಎಂದು ಹೊರಬನ್ನಿ. 'ಎಕ್ಸಿಟ್' ಎಂದರೆ ಬದಲಾವಣೆ ಉಳಿಯುವುದಿಲ್ಲ. ಸ್ಥಿರ ವಿಳಾಸ ಇಲ್ಲಿ ತೀರಾ ಮುಖ್ಯ. ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ವಿಳಾಸ ಕೊಟ್ಟುಬಿಟ್ಟರೆ ಕಪ್ಸ್ (ಸರ್ವರ್‌ನಲ್ಲಿ ಮುದ್ರಣ ನೋಡಿಕೊಳ್ಳುವ ತಂತ್ರಾಂಶ) ಹಳೆಯ ವಿಳಾಸಕ್ಕೇ ಬಿಲ್ಲು ಕಳಿಸುತ್ತಿರುತ್ತದೆ, ಬೈಗುಳ ಮಾತ್ರ ಪ್ರಿಂಟರ್‌ಗೆ.

ಪ್ರಿಂಟ್ ಬರಲಿಲ್ಲವೆಂದರೆ ಕಪ್ಸ್ ಬಿಚ್ಚುವ ಮೊದಲು ಡಬ್ಬಿಯನ್ನು ನೇರವಾಗಿ ಮಾತಾಡಿಸಿ. ಪಿಂಗ್‌ಗೆ ಉತ್ತರ ಬಂತೇ? ಬಂದರೆ 'ಎನ್‌ಸಿ' ಆಜ್ಞೆಯಿಂದ, ಡಬ್ಬಿ ಮುದ್ರಣ ಸ್ವೀಕರಿಸುವ 9100ನೇ ಪೋರ್ಟಿಗೆ ಇಂಗ್ಲಿಷಿನ ಎರಡು ಸಾಲು ಕಳಿಸಿ, ಕೊನೆಗೆ ಫಾರ್ಮ್ ಫೀಡ್ (ಹಾಳೆ ಹೊರತಳ್ಳುವ ಸಂಕೇತ) ಸೇರಿಸಿ. ಅಕ್ಷರ ಮೂಡಿದರೆ ದೋಷ ಸರ್ವರ್‌ನ ಕ್ಯೂನಲ್ಲಿದೆ (ಮುದ್ರಣಕ್ಕೆ ಕಾಯುವ ಕೆಲಸಗಳ ಸಾಲು). 'ಎಲ್‌ಪಿಸ್ಟ್ಯಾಟ್ -ಟಿ' ಕೊಟ್ಟು ನೋಡಿ. ಪೇಪರ್ ಮುಗಿದಾಗಲೋ ಕೇಬಲ್ ಕಳಚಿದಾಗಲೋ ಕಪ್ಸ್ ಆ ಕ್ಯೂವನ್ನೇ ನಿಲ್ಲಿಸಿಬಿಟ್ಟಿರಬಹುದು. ಪೇಪರ್ ಹಾಕಿದರೂ ಅದು ತಾನಾಗಿ ಏಳುವುದಿಲ್ಲ, 'ಕಪ್ಸ್‌ಎನೇಬಲ್' ಕೊಡಬೇಕು. 'ಎಲ್‌ಪಿಅಡ್ಮಿನ್'ನಲ್ಲಿ ಪ್ರಿಂಟರ್ ಎರರ್ ಪಾಲಿಸಿಯನ್ನು 'ರೀಟ್ರೈ-ಜಾಬ್' ಮಾಡಿದರೆ ಈ ಕಾಟ ತಪ್ಪುತ್ತದೆ. ಮಂಡಿಯಲ್ಲಿ ಕ್ಯೂ ಎಬ್ಬಿಸಲು ರೂಟ್ ಪಾಸ್‌ವರ್ಡ್ ಬಲ್ಲವರು ಸದಾ ಕೂತಿರುವುದಿಲ್ಲವಲ್ಲ.

9100ರಲ್ಲಿ ಒಂದು ಹೊತ್ತಿಗೆ ಒಬ್ಬರಿಗೇ ದಾರಿ. ಬಿಲ್ಲಿಂಗಿನ ವಿಂಡೋಸ್ ಯಂತ್ರ ಸಂಪರ್ಕ ತೆರೆದು ಸುಮ್ಮನಾದರೆ ಲಿನಕ್ಸ್ ಕಾಯುತ್ತಲೇ ಇರುತ್ತದೆ. ಡಬ್ಬಿಯ ಐಡಲ್ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ಬಿಡುವ ಅವಧಿ) ಫರ್ಮ್‌ವೇರ್‌ಗೆ ತಕ್ಕಂತೆ 90 ಅಥವಾ 270 ಸೆಕೆಂಡ್. ಅದನ್ನು ಸೊನ್ನೆ ಮಾಡಬೇಡಿ, ಸೊನ್ನೆ ಎಂದರೆ ಎಂದೂ ಬಿಡದಿರುವುದು. ಎಲ್ಲ ಯಂತ್ರಗಳೂ ಕಪ್ಸ್ ಮೂಲಕವೇ ಕಳಿಸುವಂತೆ ಮಾಡುವುದು ಸರಿಯಾದ ದಾರಿ.

ಹಳೆಯ ಯುನಿಕ್ಸ್‌ಗಳಿಗೆ 515ನೇ ಪೋರ್ಟಿನ ಎಲ್‌ಪಿಡಿ ಎಂಬ ಹಳೆಯ ಮುದ್ರಣ ವಿಧಾನ ಇದೆ. ಅಲ್ಲಿ ಕ್ಯೂ ಹೆಸರೇ ಮುಖ್ಯ: 'ರಾ' ಎಂದರೆ ಬಂದದ್ದನ್ನು ಬಂದಂತೆ ಕಳಿಸುತ್ತದೆ, 'ಟೆಕ್ಸ್ಟ್' ಎಂದರೆ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಎಡ ಅಂಚಿಗೆ ಮರಳಿಸುವ ಸಂಕೇತ) ಸೇರಿಸುತ್ತದೆ. ಯುನಿಕ್ಸ್ ಕಡತದಲ್ಲಿ ಸಾಲಿನ ಕೊನೆಗೆ ಲೈನ್ ಫೀಡ್ (ಒಂದು ಸಾಲು ಕೆಳಗಿಳಿಸುವ ಸಂಕೇತ) ಮಾತ್ರ ಇರುವುದರಿಂದ 'ರಾ'ಗೆ ಕಳಿಸಿದ ಬಿಲ್ಲು ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತಾ ಹಾಳೆಯಾಚೆ ಹೋಗುತ್ತದೆ. ಹಾಗೆಂದು ಚಿತ್ರರೂಪದ ದತ್ತವನ್ನು 'ಟೆಕ್ಸ್ಟ್'ಗೆ ಕಳಿಸಿದರೆ ಅದು ಕೆಟ್ಟು ಕಸ ಮುದ್ರಣವಾಗುತ್ತದೆ. ಮುದ್ರಣ ಸಣ್ಣ ಸಣ್ಣ ಬಿಲ್ಲುಗಳ ಸಾಲೇ ಆಗಿದ್ದಾಗ ಎಲ್‌ಪಿಡಿ ನಡುವೆ ತಡವರಿಸುವುದಕ್ಕೂ ಕಾರಣವಿದೆ. ಎಲ್‌ಪಿಡಿಯ ನಿಯಮ ಹೇಳುವ ಆರ್‌ಎಫ್‌ಸಿ 1179 ದಾಖಲೆಯ ಪ್ರಕಾರ ಕಳಿಸುವ ಯಂತ್ರ 721ರಿಂದ 731ರ ಪೋರ್ಟುಗಳನ್ನಷ್ಟೇ ಬಳಸಬೇಕು, ಅಂದರೆ ಹನ್ನೊಂದೇ. ಆ ನಿಯಮ ಪಾಲಿಸುವ ಯುನಿಕ್ಸ್‌ನಲ್ಲಿ ಅವೆಲ್ಲ ಖರ್ಚಾದರೆ ಒಂದು ಬಿಡುಗಡೆಯಾಗುವ ತನಕ ಕಾಯಲೇಬೇಕು. ಆದ್ದರಿಂದ ಕಪ್ಸ್ ಇದ್ದಲ್ಲಿ 9100ಕ್ಕೆ ನೇರ ಕಳಿಸುವ ಸಾಕೆಟ್ ವಿಧಾನ. ಬೇರೆ ಯೋಚನೆ ಬೇಡ.

ಕನ್ನಡದ ಬಿಲ್ಲಿಗೆ ಇನ್ನೊಂದು ಎಚ್ಚರ ಬೇಕು. ಈ ಯಂತ್ರಗಳಿಗೆ ಯುನಿಕೋಡ್ ಗೊತ್ತಿಲ್ಲ. ಕನ್ನಡ ಪಠ್ಯವನ್ನು ನೇರ ಕಳಿಸಿದರೆ ವಿಚಿತ್ರ ಚಿಹ್ನೆಗಳೇ ಬರುತ್ತವೆ. ಎಪ್ಸನ್‌ನ ಇಎಸ್‌ಸಿ/ಪಿ ಎಂಬ ಆಜ್ಞಾಭಾಷೆ ಬಲ್ಲ ಪ್ರಿಂಟರ್‌ಗೆ ಕಪ್ಸ್‌ನಲ್ಲಿ ಎಪ್ಸನ್ 9 ಪಿನ್ ಅಥವಾ 24 ಪಿನ್ ಡ್ರೈವರ್ ಹಾಕಿದರೆ ಅಕ್ಷರ ಚಿತ್ರವಾಗಿ ಹೋಗುತ್ತದೆ. ವೇಗ ಇಳಿಯುತ್ತದೆ, ಆದರೆ ಓದಬಹುದು. ಒತ್ತಕ್ಷರ ಸ್ಪಷ್ಟವಾಗಿ ಬೇಕಿದ್ದರೆ 24 ಪಿನ್ನೇ ತೆಗೆದುಕೊಳ್ಳಿ, ಒಂಬತ್ತು ಪಿನ್ನಿನಲ್ಲಿ ಒತ್ತುಗಳು ಕಲಸಿಹೋಗುತ್ತವೆ.

ಡಬ್ಬಿಯ ದೊಡ್ಡ ಕೊರತೆ ಭದ್ರತೆ. ಟೆಲ್ನೆಟ್‌ನಲ್ಲಿ ಗೂಢಲಿಪಿ ಇಲ್ಲ, ಹೊಸದಾಗಿ ಅಳಿಸಿದ ಡಬ್ಬಿಗೆ ಪಾಸ್‌ವರ್ಡೂ ಇಲ್ಲ. ಪಾಸ್‌ವರ್ಡ್ ಹಾಕಿ, ಒಳಗಿನ ನೆಟ್‌ವರ್ಕ್‌ನಲ್ಲೇ ಇಡಿ. ರೂಟರ್‌ನಲ್ಲಿ 9100ನ್ನು ಹೊರಕ್ಕೆ ತೆರೆಯಲೇಬೇಡಿ.

ನಮ್ಮ ಕಡೆ ಎಲ್ಲ ಕಚೇರಿಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900ಗಾಗಿ ಇದನ್ನು ಕೊಳ್ಳಬೇಡಿ. ಅದಕ್ಕಿರುವುದು ಯುಎಸ್‌ಬಿ, ಇದಕ್ಕಿರುವುದು ಪ್ಯಾರಲಲ್. ಯುಎಸ್‌ಬಿಯ ಬೇರೆ ಪ್ರಿಂಟ್ ಸರ್ವರ್ ತಂದರೂ ಕಷ್ಟವೇ: ಕ್ಯಾನನ್ನಿನ ಕ್ಯಾಪ್ಟ್ ಡ್ರೈವರ್ ಪ್ರಿಂಟರ್‌ನಿಂದ ಮರುತ್ತರ ಕೇಳುತ್ತಾ ಕೆಲಸ ಮಾಡುತ್ತದೆ, ಒಂದೇ ದಿಕ್ಕಿಗೆ ದತ್ತ ಸಾಗಿಸುವ ಡಬ್ಬಿಯಲ್ಲಿ ಆ ಉತ್ತರ ಬರುವುದೇ ಇಲ್ಲ. ಅಂಥ ಪ್ರಿಂಟರ್ ಇದ್ದರೆ ಅದನ್ನು ಲಿನಕ್ಸ್ ಯಂತ್ರಕ್ಕೇ ಯುಎಸ್‌ಬಿಯಲ್ಲಿ ಜೋಡಿಸಿ, ಕಪ್ಸ್‌ನಿಂದ ಹಂಚಿಕೊಳ್ಳಿ.