ಮೇಜು ತಿರುಗದ ಆ್ಯಪ್

'ಎಂಟು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ' ಅನ್ನುವ ಸಾಲು ಕಂಡರೆ ಸಾಕು, ಮುಂದಿನ ಪ್ರಶ್ನೆಗೆ ಹಾರುತ್ತಿದ್ದವಳು ನಾನು. ಎಡ ಬಲ ನನಗೆ ಚಿಕ್ಕಂದಿನಿಂದಲೂ ಗೊಂದಲ. ಈ ಭಯ ಬಿಡಿಸಿಕೊಳ್ಳೋಣ ಅಂತ ಸೀಟಿಂಗ್ ಅರೇಂಜ್‌ಮೆಂಟ್‌ಗೆಂದೇ, ಅಂದರೆ ಸುಳಿವು ಓದಿ ಯಾರು ಎಲ್ಲಿ ಕೂತಿದ್ದಾರೆ ಅಂತ ಹುಡುಕುವ ಪಜಲ್‌ಗಳಿಗೆಂದೇ, ಇರುವ ಒಂದು ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿದೆ. ಪಜಲ್‌ಗಳು ಚೆನ್ನಾಗಿವೆ. ಮೇಜೇ ಸರಿಯಿಲ್ಲ.

ಸುಳಿವುಗಳನ್ನು ಬೇಕಂತಲೇ ಹಿಂದುಮುಂದು ಮಾಡಿ ಕೊಡುತ್ತಾರೆ. ಅದು ನನಗೆ ಇಷ್ಟವಾಯಿತು. ಮೂರನೇ ದಿನ ಬಂದದ್ದು ಆರು ಜನರ ಪಜಲ್. ಎಲ್ಲರ ಮುಖವೂ ಮೇಜಿನ ಕಡೆಗೆ. ಗೀತಾ ಲತಾ ಪಕ್ಕ ಕೂತಿಲ್ಲ. ಮೋಹನನ ಎಡಪಕ್ಕದಲ್ಲೇ ಲತಾ. ಮೋಹನನ ಎದುರಿಗೆ ಸುಮಾ. ಸುಮಾ ರವಿಯ ಬಲಕ್ಕೆ ಎರಡನೆಯವಳು. ಉಳಿದವನು ಕಿರಣ.

ಮೊದಲ ಸುಳಿವನ್ನೇ ಹಿಡಿದು ಕೂತರೆ ಕೆಲಸ ಕೆಟ್ಟಿತು. 'ಪಕ್ಕ ಇಲ್ಲ' ಅನ್ನುವುದು ಯಾರನ್ನೂ ಕೂರಿಸುವುದಿಲ್ಲ. ಕೊನೆಯದರಿಂದ ಹಿಡಿಯಿರಿ. ರವಿಯನ್ನು ಎಲ್ಲಾದರೂ ಕೂರಿಸಿ. ಅವನ ಬಲಕ್ಕೆ ಒಂದು ಕುರ್ಚಿ ಬಿಟ್ಟು ಸುಮಾ. ಅವಳ ಎದುರಿಗೆ ಮೋಹನ, ಅಂದರೆ ರವಿಯ ಎಡಪಕ್ಕಕ್ಕೇ ಬಂದ. ಅವನ ಎಡಕ್ಕೆ ಲತಾ. ಈಗ ಖಾಲಿ ಇರುವುದು ಎರಡೇ ಕುರ್ಚಿ: ಒಂದು ಲತಾ ಪಕ್ಕ, ಇನ್ನೊಂದು ರವಿ ಮತ್ತು ಸುಮಾ ನಡುವೆ. ಆ ಮೊದಲ ಸುಳಿವು ಈಗ ಕೆಲಸಕ್ಕೆ ಬಂತು ನೋಡಿ. ಗೀತಾ ನಡುವೆ, ಕಿರಣ ಲತಾ ಪಕ್ಕ. ಆರು ಜನರನ್ನು ದುಂಡಗೆ 120 ಥರ ಕೂರಿಸಬಹುದು, ಎಂಟು ಜನರನ್ನು 5040 ಥರ. ಸುಮ್ನೆ ಊಹಿಸುತ್ತಾ ಹೋದರೆ ಮುಗಿಯುವ ಮಾತಲ್ಲ.

ಆದರೆ ಆ್ಯಪ್ ಊಹಿಸುವುದನ್ನೇ ಕಲಿಸುತ್ತದೆ. ಹೆಸರನ್ನು ತಪ್ಪು ಕುರ್ಚಿಗೆ ಎಳೆದರೆ ಕೂಡಲೇ ಕೆಂಪಾಗುತ್ತದೆ. ಎರಡನೇ ವಾರದ ಹೊತ್ತಿಗೆ ನಾನು ಸುಳಿವು ಓದುವುದನ್ನೇ ಬಿಟ್ಟು ಕೆಂಪಾಗದ ಕುರ್ಚಿ ಹುಡುಕುತ್ತಿದ್ದೆ. ನಾಚಿಕೆಯಾಯಿತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬಹುದು, ಮೊದಲ ದಿನವೇ ಮಾಡಿಬಿಡಿ.

ಇನ್ನು ಎಡ ಬಲದ ಕಥೆ. ಕಾಗದದಲ್ಲಿ ಬಿಡಿಸುವಾಗ ನನ್ನದೊಂದು ಉಪಾಯ ಇದೆ. ಯಾರ ಬಲ ಬೇಕೋ ಅವರ ಕುರ್ಚಿ ನನ್ನ ಹೊಟ್ಟೆಯ ಕಡೆಗೆ ಬರುವಂತೆ ಹಾಳೆ ತಿರುಗಿಸುತ್ತೇನೆ. ಮೇಜಿನ ಕಡೆ ಮುಖ ಮಾಡಿದವರಾದರೆ, ಆಗ ನನ್ನ ಬಲಗೈಯೇ ಅವರ ಬಲಗೈ. ಅದೇ ಅಭ್ಯಾಸದಲ್ಲಿ ಫೋನನ್ನೂ ಅಡ್ಡ ತಿರುಗಿಸಿದೆ. ಸ್ಕ್ರೀನ್ ತಾನೂ ತಿರುಗಿ ನೆಟ್ಟಗಾಯಿತು! ಆಟೋ ರೊಟೇಟ್ ಆಫ್ ಮಾಡಿದೆ. ಹೆಸರುಗಳೆಲ್ಲ ಅಡ್ಡಬಿದ್ದವು, ಕತ್ತು ವಾಲಿಸಿಕೊಂಡು ಓದಬೇಕಾಯಿತು. ವೃತ್ತವನ್ನೊಂದೇ ಬೆರಳಲ್ಲಿ ತಿರುಗಿಸುವ ಸೌಲಭ್ಯ ಕೊಟ್ಟಿದ್ದರೆ ಮುಗಿದಿತ್ತು, ಅಲ್ವಾ?

ಅದಕ್ಕಿಂತ ದೊಡ್ಡ ಕೊರತೆ, ಇರುವುದು ಒಂದೇ ವೃತ್ತ. ಎಂಟು ಜನರ ಮೇಜಿನಲ್ಲಿ 'ಅನಿಲ್ ಮತ್ತು ಸುಧಾ ನಡುವೆ ಇಬ್ಬರಿದ್ದಾರೆ' ಅಂದರೆ ಸುಧಾ ಅನಿಲ್‌ನ ಎಡಕ್ಕೂ ಇರಬಹುದು, ಬಲಕ್ಕೂ ಇರಬಹುದು. ಕಾಗದದಲ್ಲಾದರೆ ಪಕ್ಕಪಕ್ಕ ಎರಡು ವೃತ್ತ ಬರೆದು, ಸುಳಿವಿಗೆ ಹೊಂದದ್ದರ ಮೇಲೆ ಗೀಟು ಎಳೆದರಾಯಿತು. ಇಲ್ಲಿ ಎಡಕ್ಕೆ ಕೂರಿಸಿ, ಐದನೇ ಸುಳಿವಲ್ಲಿ ಎಡವಿ, ಎಲ್ಲರನ್ನೂ ಎಬ್ಬಿಸಿ, ಮತ್ತೆ ಬಲಕ್ಕೆ ಕೂರಿಸಬೇಕು.

ಒಂದು ಉತ್ತರವಂತೂ ತಪ್ಪೇ. ನಾಲ್ವರು ಒಳಗೆ, ನಾಲ್ವರು ಹೊರಗೆ ಮುಖ ಮಾಡಿದ ಪಜಲ್ ಅದು. ಒಳಗೆ ನೋಡುವವರ ಬಲ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು, ಹೊರಗೆ ನೋಡುವವರದು ಮುಳ್ಳು ತಿರುಗುವ ದಿಕ್ಕು. ಆ್ಯಪ್‌ನವರು ಎರಡೂ ಬಗೆಯವರಿಗೆ ಒಂದೇ ದಿಕ್ಕಲ್ಲಿ ಎಣಿಸಿದ್ದಾರೆ. ನಾನೇ ತಪ್ಪು ಅಂದುಕೊಂಡು ಅರ್ಧ ಗಂಟೆ ಒದ್ದಾಡಿದೆ. ಮೇಲ್ ಹಾಕಿ ಎರಡು ವಾರವಾಯಿತು, ಉತ್ತರವಿಲ್ಲ.

ಈಗ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಪ್ರಶ್ನೆ ಮಾತ್ರ ಅದರಲ್ಲಿ ಓದುತ್ತೇನೆ. ವೃತ್ತ ಬರೆಯುವುದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ. ಎಂಟು ಜನರ ಪಜಲ್‌ಗೆ ಮೊದಲು ಹದಿನೈದು ನಿಮಿಷ ಬೇಕಿತ್ತು, ಈಗ ಏಳು. ಚಂದಾ ಇನ್ನೂ ಒಂಬತ್ತು ದಿನ ಇದೆ. ಹೊರಮುಖದವು ಹನ್ನೊಂದು ಉಳಿದಿವೆ, ಅಷ್ಟನ್ನು ಮುಗಿಸಿ ಆ್ಯಪ್ ತೆಗೆದುಹಾಕುತ್ತೇನೆ.